ಗುಡ್ಡದುಪ್ಪು

ನಮ್ಮೂರಿನಲ್ಲಿ ದರ್ಜಿಯಾದವನಿಗೆ ಬಟ್ಟೆ ಹೊಲಿಯುವುದಕ್ಕಿಂತ ಕಲ್ಲು ಹೊಲಿಯುವ ಕೆಲಸವೇ ಹೆಚ್ಚು. ಸೀರೆಯ ಅಂಚಿಗೆ, ಅಂಗಿಯ ಒಳಜೇಬಿಗೆ, ಶಾಲೆಗೆ ಹೋಗುವ ಮಕ್ಕಳ ಪಾಟಿಚೀಲದ ತಳಕ್ಕೆ ಕಲ್ಲಿಟ್ಟು ಹೊಲಿಯಬೇಕು. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲೇ ಆಗಬೇಕು, ಮೂಲೆಯಿರುವ ಕಲ್ಲು ಬಟ್ಟೆಯನ್ನು ತಿನ್ನುತ್ತದೆ. ಮದುವೆಯ ಸೀರೆಗಾದರೆ ಬಿಳಿ ಕಲ್ಲನ್ನೇ ಹುಡುಕಿ ತರುತ್ತಾರೆ. ಮದುಮಗಳು ಕಂಬದಂತೆ ಗಟ್ಟಿಯಾಗಿ ನಿಂತಿದ್ದರೂ ಸೆರಗಿಗೊಂದು ಕಲ್ಲು ಹೊಲಿಸಿ ಕಳಿಸುವುದು ತವರಿನ ಮರ್ಯಾದೆ.

ಹಗುರ ಹತ್ತಿದವರನ್ನು ಮೊದಲು ಕಿವಿಯಿಂದ ಗುರುತಿಸಬಹುದು. ಹೆಜ್ಜೆಯ ಸದ್ದು ಸಣ್ಣದಾಗುತ್ತದೆ. ಆಮೇಲೆ ಮೆಟ್ಟಿಲು ಇಳಿಯುವಾಗ ಕಾಲು ನೆಲ ಮುಟ್ಟುವುದು ತುಸು ತಡವಾಗುತ್ತದೆ. ಮಲಗಿದರೆ ಹಾಸಿಗೆಗೆ ಪಟ್ಟಿ ಬಿಗಿಯಬೇಕು, ಜಂತೆಗೆ ತಲೆ ಬಡಿಯದಿರಲೆಂದು ಹತ್ತಿಯ ದಿಂಬು ಕಟ್ಟಬೇಕು. ಕೊನೆಗೆ ನಾನು ಎಷ್ಟು ಕಲ್ಲು ಹೊಲಿದುಕೊಟ್ಟರೂ ಸಾಲದ ದಿನ ಬರುತ್ತದೆ. ಹಿಂದೆಲ್ಲ ಅಂಥವರನ್ನು ಮನೆಯ ಕಂಬಕ್ಕೆ ಕಟ್ಟಿಡುತ್ತಿದ್ದರಂತೆ. ಒಬ್ಬ ಮುದುಕನನ್ನು ಹಾಗೆ ಕಟ್ಟಿದ್ದಾಗ ಕಂಬವೇ ಕಿತ್ತುಬಂದು, ಮಾಳಿಗೆ ಕುಸಿದು, ಒಳಗೆ ಮಲಗಿದ್ದ ಸೊಸೆ ಮೊಮ್ಮಕ್ಕಳು ಮಣ್ಣಾದರು. ಆಮೇಲಿಂದ ಕಟ್ಟುವುದಿಲ್ಲ. ಬಯಲಿಗೆ ಕರೆದುಕೊಂಡು ಹೋಗಿ, ನೆತ್ತಿಗೆ ಎಣ್ಣೆ ಹಚ್ಚಿ, ಕಲ್ಲು ಬಿಚ್ಚಿ, ಬಿಟ್ಟುಬಿಡುತ್ತಾರೆ. ಏರುವವರು ಚುಕ್ಕೆಯಷ್ಟಾಗುವವರೆಗೆ ಯಾರೂ ಮೇಲೆ ನೋಡುವುದಿಲ್ಲ. ನೋಡಿದರೆ ಅವರಿಗೆ ನಾಚಿಕೆಯಾಗುತ್ತದೆ ಎಂದು.

ನಾಚಿಕೆ ಯಾಕೆಂದರೆ, ಊರು ಬಿಡುವ ಯೋಚನೆ ಮಾಡಿದವರಿಗೇ ಹಗುರ ಹತ್ತುತ್ತದೆ. ಇದು ನಮ್ಮೂರಿನ ಕಟ್ಟೆ ಒಪ್ಪಿದ ಮಾತು. ಒಪ್ಪಿದ್ದೂ ಸುಮ್ಮನೆ ಅಲ್ಲ. ನಮ್ಮದು ಮಂಕುಬೂದಿಗೆ ಮರುಳಾಗುವ ಊರಲ್ಲ. ದೆವ್ವ, ಮಾಟ, ಶಾಪ ಇವನ್ನೆಲ್ಲ ಹಿರಿಯರು ಒಂದೊಂದಾಗಿ ಪರೀಕ್ಷೆಗೆ ಹಚ್ಚಿ, ಸುಳ್ಳೆಂದು ತೋರಿಸಿ, ಹೂತು ಹಾಕಿದ್ದಾರೆ. ಉಳಿದದ್ದು ಈ ಒಂದು ಮಾತು. ಯಾರಾದರೂ ಏರಿದ ಮೇಲೆ ಕಟ್ಟೆಯ ಯಜಮಾನ ರಾಚಪ್ಪ ಆ ಮನೆಗೆ ಹೋಗಿ ಕೂತು, ಒಂದು ತಂಬಿಗೆ ನೀರು ಕುಡಿದು, ನಿಧಾನಕ್ಕೆ ಕೇಳುತ್ತಾನೆ. ಊರು ಬಿಡುವ ಮಾತು ಏನಾದರೂ ಆಡಿದ್ದರೇ? ಅಳುತ್ತಿರುವ ಮನೆಯವರು ನೆನಪು ಕೆದಕುತ್ತಾರೆ. ಹೌದು, ಒಮ್ಮೆ ಬಂಡಿಯವನಿಗೆ ದಾರಿ ಎಷ್ಟು ದೂರ ಎಂದು ಕೇಳಿದ್ದ. ಹೌದು, ಆಚೆ ಊರಿನ ಬಳೆ ಚೆಂದ ಅಂದಿದ್ದಳು. ಒಂದು ಮನೆಯಲ್ಲೂ ರಾಚಪ್ಪ ಬರಿಗೈಯಲ್ಲಿ ಎದ್ದುಬಂದದ್ದಿಲ್ಲ.

ನನ್ನ ಅಕ್ಕ ದಾಕ್ಷಾಯಣಿಯ ಗಂಡ ಮದುವೆಯಾದ ಮರುವರ್ಷವೇ ಏರಿದ. ಆಗಲೂ ರಾಚಪ್ಪ ಬಂದು ನೀರು ಕುಡಿದಿದ್ದ. ಅಕ್ಕ ತುಂಬ ಹೊತ್ತು ಯೋಚಿಸಿ, ಒಮ್ಮೆ ಕನಸಿನಲ್ಲಿ ಸಮುದ್ರ ನೋಡಿದೆ ಅಂದಿದ್ದರು ಎಂದು ಹೇಳಿದಳು. ಸಾಕಾಯಿತು. ಹೆಂಡತಿಯನ್ನು ಬಿಟ್ಟು ಹೋಗಬೇಕೆಂದಿದ್ದವನ ಹೆಂಡತಿ ಎಂದು ಊರು ಅವಳನ್ನು ಕರೆಯಿತು. ಅವಳು ಶಾಲೆಯಲ್ಲಿ ಪಾಠ ಹೇಳುತ್ತ, ಶಾಲೆಯ ಹಿಂದಿನ ಒಂಟಿ ಕೋಣೆಯಲ್ಲಿ ಉಳಿದಳು. ಮಕ್ಕಳು ಅಕ್ಕೋರು ಎನ್ನುತ್ತಿದ್ದರು. ನಗು ಕಡಿಮೆ, ಹಟ ಬಹಳ. ತಪ್ಪು ಉತ್ತರಕ್ಕಿಂತ, ಹೇಗೆ ಬಂತೆಂದು ಹೇಳಲಾಗದ ಸರಿ ಉತ್ತರಕ್ಕೆ ಹೆಚ್ಚು ಹೊಡೆಯುತ್ತಿದ್ದಳು.

ಒಂದು ಸಂತೆಯ ದಿನ ಅವಳು ಕಟ್ಟೆಯ ಮುಂದೆ ಹೋಗಿ ನಿಂತಳು.

“ಯಜಮಾನ್ರ, ಏರಿದವರ ಮನಿಗೆ ಹೋಗಿ ಕೇಳ್ತೀರಿ. ಏರದವರನ್ನ ಯಾವಾಗರ ಕೇಳೀರೇನು?”

“ಏರದವರನ್ನ ಯಾಕ ಕೇಳೂದವಾ? ಅವರು ಇಲ್ಲೇ ಅದಾರಲ್ಲ!”

ಜನ ನಕ್ಕರು. ಅಕ್ಕ ನಗಲಿಲ್ಲ. “ನೀವು? ನೀವು ಯಾವತ್ತೂ ಊರು ಬಿಡೂ ವಿಚಾರ ಮಾಡಿಲ್ಲೇನು?”

“ನನ್ನ ಹೇಣ್ತಿ ಬಾಯಿ ಕೇಳಿದ ಮ್ಯಾಲೆ ದಿನಾ ಮಾಡ್ತೀನಿ.”

“ಮತ್ತ ನೀವ್ಯಾಕ ಏರಿಲ್ಲ?”

“ನಿಂದು ಛಲೋ ಆತಲ್ಲ! ಚ್ಯಾಷ್ಟಿ ಮಾತಿಗೆ ಯಾರರ ಏರ್ತಾರೇನು?”

“ದನಕ್ಕ ಯಾಕ ಹಗುರ ಹತ್ತೂದಿಲ್ಲ?”

“ದನ ಎಲ್ಲೀ ವಿಚಾರ ಮಾಡ್ತೈತಿ ತಂಗೀ!”

ಅವಳು ಹೇಳಲು ಬಂದದ್ದು ಉಪ್ಪಿನ ವಿಷಯ, ಹಗುರ ಹತ್ತಿಸುವುದು ಯೋಚನೆಯಲ್ಲ, ನಾವು ತಿನ್ನುವ ಉಪ್ಪು ಎಂದು. ನಮ್ಮೂರಿನ ಹಿಂದಿನ ಗುಡ್ಡದಲ್ಲಿ ಅಗೆದು ತೆಗೆಯುವ ಉಪ್ಪು ಊರಿನ ಹೆಮ್ಮೆ. ಅದನ್ನು ಹಾಕದ ಸಾರನ್ನು ಯಾರೂ ಬಾಯಿಗಿಡುವುದಿಲ್ಲ. ಹೊರಗಿನಿಂದ ಬಂಡಿಯಲ್ಲಿ ಬರುವ ಉಪ್ಪನ್ನು ದನಕ್ಕೆ ನೆಕ್ಕಿಸುತ್ತಾರೆ. ಅಕ್ಕ ಒಂದು ಕರುವಿಗೆ ಗುಡ್ಡದುಪ್ಪು ತಿನ್ನಿಸುತ್ತ ಬಂದಿದ್ದಳು. ಶಾಲೆಯ ಅಂಗಳದಲ್ಲಿ ಆ ಕರು ಹಗ್ಗದ ತುದಿಯಲ್ಲಿ, ಬೇವಿನ ಮರದ ಎತ್ತರಕ್ಕೆ, ಕಾಲಾಡಿಸುತ್ತ ತೇಲುತ್ತಿತ್ತು. ರಾಚಪ್ಪ ಹೋಗಿ ನೋಡಿದ. ಕೈ ಹಣೆಗಿಟ್ಟು ಬಹಳ ಹೊತ್ತು ನೋಡಿದ.

“ತಾಯಿಂದ ಅಗಲಿಸಿ ಕಟ್ಟೀಯಲ್ಲವಾ. ಕರೂನೂ ಹೋಗಬೇಕು ಅನ್ನೂ ವಿಚಾರ ಮಾಡಿರಬೇಕು.”

ಆದರೆ ಕಟ್ಟೆ ನ್ಯಾಯ ಬಿಡುವಂಥದ್ದಲ್ಲ. ಹೊಸ ಮಾತು ಆಡಿದವರಿಗೆ ಒಂದು ದಾರಿ ಇದ್ದೇ ಇದೆ. ಅದಕ್ಕೆ ಒತ್ತೆ ಕೂರಿಸುವುದು ಎನ್ನುತ್ತಾರೆ. ಮಾತು ಆಡಿದವರು ತಮ್ಮ ರಕ್ತಸಂಬಂಧಿಯೊಬ್ಬರನ್ನು, ಮಾತು ನಿಜವಾದರೆ ಅಪಾಯ ಬರುವ ಕಡೆಗೆ ಕೂರಿಸಬೇಕು. ತಾವೇ ಕೂರುವ ಹಾಗಿಲ್ಲ. ಹಟಮಾರಿಗಳು ತಮ್ಮ ಸುಳ್ಳಿಗಾಗಿ ಸಾಯಲೂ ಹೇಸುವುದಿಲ್ಲ, ಆದರೆ ಸುಳ್ಳಿಗಾಗಿ ತನ್ನವರನ್ನು ಯಾರೂ ಕೊಡುವುದಿಲ್ಲ ಎಂಬುದು ಹಿರಿಯರ ಲೆಕ್ಕ. ಒತ್ತೆಗೆ ಕೇಡಾದರೆ ಮಾತು ನಿಜ. ಒತ್ತೆ ಉಳಿದರೆ ಮಾತನ್ನು ಒಡೆದ ಗಡಿಗೆಯ ಬೋಕಿಯ ಮೇಲೆ ಬರೆದು ಕಟ್ಟೆಯ ಬುಡದಲ್ಲಿ ಹೂಳುತ್ತಾರೆ. ಹೂಳಿದ ಮಾತನ್ನು ಮತ್ತೆ ಆಡುವಂತಿಲ್ಲ. ಯಾರಾದರೂ ಮೋಸದಿಂದ ಒತ್ತೆ ಕೆಡಿಸಿದ್ದು ಗೊತ್ತಾದರೆ, ಆ ಮನೆಯ ಮಗುವನ್ನೇ ತಂದು ಹೊಸ ಒತ್ತೆ ಕೂರಿಸುತ್ತಾರೆ.

ಅಕ್ಕನಿಗೆ ರಕ್ತಸಂಬಂಧ ಅಂತ ಇದ್ದವನು ನಾನು, ಬಾಳಪ್ಪ, ಮತ್ತೆ ನನ್ನ ಮಗಳು ತುಂಗಿ. ಅಕ್ಕ ನನ್ನನ್ನು ಕೇಳಲಿಲ್ಲ. ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಪಕ್ಕ ನಿಂತು, ಕಲ್ಲಿನ ಬುಟ್ಟಿಯಲ್ಲಿ ಕೈಯಾಡಿಸಿದಳು. ಆಗ ತುಂಗಿಗೆ ಹಗುರ ಶುರುವಾಗಿತ್ತು. ಓಡಿಬಂದು ನಿಂತರೆ ಮುಂಗಾಲಷ್ಟೇ ನೆಲಕ್ಕೆ ತಾಗುತ್ತಿತ್ತು. ಅಕ್ಕ ಹೇಳಿದಂತೆ ನಾವು ಅವಳಿಗೆ ಬಂಡಿಯುಪ್ಪು ಹಾಕುತ್ತಿದ್ದೆವು. ಕೂಸು ನೆಲಕ್ಕೆ ಇಳಿಯತೊಡಗಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಊರಿನಲ್ಲಿ ಇನ್ನೆಷ್ಟು ಮಕ್ಕಳು ಹಾಗೆ ಮುಂಗಾಲಲ್ಲಿ ನಿಂತಿದ್ದವು ಎಂಬುದು ದರ್ಜಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

“ನಾ ಕೂಡ್ರತೀನಿ ಅಕ್ಕಾ” ಎಂದೆ.

“ನಂದು ಖರೇ ಇದ್ರ ನೀ ಹೋಗ್ತಿ.”

“ಪೂರಾ ಹಗುರಾಗೂಮಟ ಬ್ಯಾಡ. ಸಂತಿ ತಕ್ಕಡಿ ತೂಕ ಇಳೀತು ಅಂದ ಕೂಡಲೆ ನಿಲ್ಲಸ್ತಾರ.”

“ಕಟ್ಟೀ ಮುದುಕರು ಎಲ್ಲಿ ನಿಲ್ಲಸ್ತಾರೋ, ಎಲ್ಲಿ ಇಲ್ಲೋ.” ಅವಳು ನನ್ನ ಮುಖ ನೋಡಲಿಲ್ಲ. “ನಿನ್ನ ಅಂಗಡೀನೂ ಮುಚ್ಚತೈತಿ ನೋಡು. ಕಲ್ಲು ಹೊಲಿಸಾಕ ಯಾರೂ ಬರೂದಿಲ್ಲ.”

“ಬಟ್ಟಿ ಹೊಲೀತೀನಿ ಬಿಡು. ಕಲತದ್ದು ಅದನ್ನ.”

ಮುಂಗಾರಿನಿಂದ ಸುಗ್ಗಿಯವರೆಗೆ ನಾನು ಒತ್ತೆ ಕೂತೆ. ಕಟ್ಟೆಯವರು ಗುಡ್ಡದುಪ್ಪಿನ ದೊಡ್ಡ ಗಡಿಗೆಯನ್ನೇ ನಮ್ಮ ಅಡಿಗೆಮನೆಗೆ ತಂದಿಟ್ಟರು. ಎರಡು ಹೊತ್ತಿನ ಊಟದ ಜೊತೆಗೆ ಒಂದು ಹಿಡಿ ಬರಿಯ ಉಪ್ಪನ್ನೂ ಮಜ್ಜಿಗೆಯಲ್ಲಿ ಕದಡಿ ಕುಡಿಯಬೇಕು. ಸಂತೆಯ ದಿನ ಹತ್ತಿ ತೂಗುವ ತಕ್ಕಡಿಯಲ್ಲಿ, ಮೈಮೇಲಿನ ಕಲ್ಲೆಲ್ಲ ತೆಗೆದು, ಕೂರಬೇಕು. ನನ್ನ ಹೆಂಡತಿ ಕಾಶವ್ವ ಆ ದಿನಗಳಲ್ಲಿ ನನ್ನೊಡನೆ ಮಾತು ಕಡಿಮೆ ಮಾಡಿದಳು. ನಾನು ಉಣ್ಣುವಾಗ ಎದುರಿಗೆ ಕೂತು ನೋಡುತ್ತಿದ್ದಳು. ಹೆಜ್ಜೆಯ ಸದ್ದಿಗೆ ನಾನೇ ಕಿವಿ ಕೊಟ್ಟು ನಡೆಯುತ್ತಿದ್ದೆ. ಭಯವಾಗುತ್ತಿತ್ತು. ಸದ್ದು ಕಡಿಮೆಯಾಗಲಿಲ್ಲ ಎಂದು ಬೇರೆ ಭಯವಾಗುತ್ತಿತ್ತು.

ತೂಕ ಇಳಿಯಲಿಲ್ಲ. ಮಳೆ ಮುಗಿಯುವಷ್ಟರಲ್ಲಿ ನಾನು ತುಸು ದಪ್ಪಗೂ ಆಗಿದ್ದೆ. “ಅಕ್ಕ ಭೂಮಿಗೆ ಭಾರ ಆಗೂ ಅಷ್ಟು ತಿನಸ್ಯಾಳ ನೋಡ್ರಿ” ಎಂದು ರಾಚಪ್ಪ ಚ್ಯಾಷ್ಟಿ ಮಾಡಿದ. ಸುಗ್ಗಿಯ ಕೊನೆಯ ಸಂತೆಯಲ್ಲಿ ನಾನು ತಕ್ಕಡಿಯಿಂದ ಇಳಿದಾಗ ಯಾರೂ ನಗಲಿಲ್ಲ. ಎಲ್ಲರೂ ಅಕ್ಕನನ್ನು ನೋಡುತ್ತಿದ್ದರು.

ಅವಳು ವಾದ ಮಾಡುತ್ತಾಳೆ ಎಂದುಕೊಂಡಿದ್ದೆ. ಒತ್ತೆ ಸಾಲದು, ಇನ್ನೊಬ್ಬರು ಬೇಕು, ಇನ್ನೊಂದು ಮಳೆಗಾಲ ಬೇಕು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ತಕ್ಕಡಿಯ ಹತ್ತಿರ ಬಂದು, ಸರಪಳಿ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ಒಂದೊಂದೇ ಕೊಂಡಿ ಮುಟ್ಟಿ ನೋಡಿದಳು. ಆಮೇಲೆ ಬೋಕಿ ತಗೊಂಡು, ತನ್ನ ದುಂಡನೆಯ ಅಕ್ಷರದಲ್ಲಿ ತಾನೇ ಮಾತು ಬರೆದಳು. ಕಟ್ಟೆಯ ಬುಡದಲ್ಲಿ ಅಗೆದದ್ದೂ ಅವಳೇ. ಅವಳ ಬಗ್ಗೆ ಊರಿಗೆ ಎಂದೂ ಇಲ್ಲದ ಗೌರವ ಆವತ್ತು ಬಂತು. ರಾಚಪ್ಪ ತನ್ನ ಶಲ್ಯ ತೆಗೆದು ಅವಳ ಕೈಯ ಮಣ್ಣು ಒರೆಸಿದ.

ಅವಳ ಮನೆಯವರೆಗೂ ಹೋಗಿ, “ಅಕ್ಕಾ, ತುಂಗಿ ಇಳಿದಳಲ್ಲ? ಅದನ್ನ ನೋಡಿದ್ವಲ್ಲ?” ಎಂದೆ.

“ಮಕ್ಕಳು ಬೆಳೀತಾವು, ತೂಕ ಬರ್ತೈತಿ. ಇಳೀಬೇಕು ಅಂತ ಆಸೆ ಇದ್ದವರಿಗೆ ಇಳಿದಂಗ ಕಾಣತೈತಿ. ನಾ ರಾಚಪ್ಪಗ ಬೈತಿದ್ದೆ, ಬೇಕಾದ್ದನ್ನ ಹುಡುಕ್ತಾನ ಅಂತ. ನಾನೂ ಅದನ್ನ ಮಾಡೀನಿ.” ಅಂದವಳು ಒಲೆಯ ಮುಂದೆ ಹೋಗಿ, ತನ್ನ ಸಾರಿಗೆ ಗುಡ್ಡದುಪ್ಪು ಹಾಕಿಕೊಂಡಳು. ವರ್ಷವಾಗಿತ್ತು ಅವಳು ಅದನ್ನು ಮುಟ್ಟಿ.

ಚಳಿ ಮುಗಿಯುವ ಹೊತ್ತಿಗೆ ಅಕ್ಕ ಅಂಗಡಿಗೆ ಬಂದಳು. ಸೀರೆಯ ಅಂಚು ತೋರಿಸಿ, ಇನ್ನೊಂದೆರಡು ಕಲ್ಲು ಸೇರಿಸು ಎಂದಳು. ಮತ್ತೆ ಬಂದಳು. ಬಾಗಿಲ ಬಳಿ ಅವಳ ಹೆಜ್ಜೆಯ ಸದ್ದೇ ಇರಲಿಲ್ಲ; ತಲೆಯೆತ್ತಿದರೆ ಎದುರಿಗೆ ನಿಂತಿದ್ದಳು. ನಾನು ಸೂಜಿ ಹಿಡಿದು ಕೂತವನು ಹೊಲಿಗೆಯೇ ಮರೆತಂತಾದೆ.

ಮನೆಗೆ ಹೋಗಿ ಕಾಶವ್ವನಿಗೆ ಹೇಳಿದೆ. “ಅಕ್ಕಗ ಹಗುರ ಹತ್ತೈತಿ. ಯಾವ ವಿಚಾರ ಮಾಡಿ ಹತ್ತಿತೋ ಏನೋ.”

ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿ ಹೊಗೆಯಾಡತೊಡಗಿದರೂ ಅವಳು ಏಳಲಿಲ್ಲ.

“ನಿಮ್ಮ ಉಪ್ಪು ನಾ ಬದಲಿ ಮಾಡಿದ್ದೆ” ಎಂದಳು. “ಗಡಿಗಿ ತಂದಿಟ್ಟ ದಿನಾನ. ಅವರದ್ದನ್ನ ಹಿತ್ತಲದಾಗ ಚೆಲ್ಲಿ ಬಂಡಿಯುಪ್ಪು ಕುಟ್ಟಿ ತುಂಬಿದೆ. ಕುಟ್ಟಿದ ಮ್ಯಾಲೆ ಎರಡೂ ಒಂದ ಥರ ಕಾಣತಾವು.”

ನಾನು ಸುಟ್ಟ ರೊಟ್ಟಿಯನ್ನು ಹೆಂಚಿನಿಂದ ತೆಗೆದು ಕೆಳಗಿಟ್ಟೆ.

“ನಿಮ್ಮಕ್ಕ ಖರೇ ಅಂತ ನನಗ ನಂಬಿಕಿ ಇತ್ರಿ. ಅದಕ್ಕ ಮಾಡಿದೆ. ಆಕಿ ಮಾತು ಸುಳ್ಳು ಅಂತ ಅನಿಸಿದ್ರ ಯಾಕ ಬದಲಿ ಮಾಡ್ತಿದ್ದೆ?” ಅವಳು ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದಳು. “ಕಟ್ಟೀಮ್ಯಾಲೆ ಹೇಳಬ್ಯಾಡ್ರಿ. ಗೊತ್ತಾದ್ರ ತುಂಗೀನ ಒತ್ತೆ ಕೂಡ್ರಸ್ತಾರ.”

ನಾನು ಶಾಲೆಯ ಹಿಂದಿನ ಕೋಣೆಗೆ ಓಡಿದೆ. ಅಕ್ಕ ಬಾಗಿಲ ಅಗುಳಿ ಹಿಡಿದು ನಿಂತೇ ಎಲ್ಲ ಕೇಳಿದಳು. ಆಮೇಲೆ ಅವಳ ಮುಖದಲ್ಲಿ ಬಂದದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಅವಳಿಗೆ ಖುಷಿಯಾಗಿತ್ತು.

“ನೀ ಸುಳ್ಳು ಹೇಳಾಕತ್ತೀಯೇನು ಬಾಳೂ?”

“ತುಂಗಿ ಆಣಿ ಅಕ್ಕಾ.”

“ಆಣಿ ಇಟ್ರ ಆತೇನು? ನನಗ ಸಮಾಧಾನ ಆಗಲಿ ಅಂತ ನೀ ಹೇಳಬಹುದು. ನನ್ನ ಮ್ಯಾಲಿನ ಮಮತಿಗೆ ಕಾಶವ್ವ ಹೇಳಬಹುದು. ಪುರಾವೆ ಏನೈತಿ?”

“ನಾ ಈಗಿಂದ ಖರೇ ಗುಡ್ಡದುಪ್ಪು ತಿಂತೀನಿ. ನೋಡಿಬಿಡು.”

“ಯಾರ ಅಡಗಿಮನ್ಯಾಗ?” ಅವಳು ನಕ್ಕಳು. “ಆ ಅಡಗಿಮನಿ ಕೆಟ್ಟೈತಿ ತಮ್ಮಾ. ಅಲ್ಲಿ ನಿನ್ನ ಜೀವ ಉಳಿಸೂ ಮಂದಿ ಅದಾರ. ನನ್ನ ಒಲಿ ಮುಂದ ನಾ ಒಬ್ಬಾಕಿ. ನನ್ನ ಗಡಿಗಿ ಬದಲಿ ಮಾಡೂವಷ್ಟು ಪ್ರೀತಿ ಯಾರಿಗೂ ಇಲ್ಲ. ಇಲ್ಲಿ ತೂಕ ಸರಿ ಬರ್ತೈತಿ.”

“ಅಕ್ಕಾ, ಮೊದಲು ಉಪ್ಪು ಬಿಡು. ಗೊತ್ತಾತಲ್ಲ ಈಗ.”

“ಏನು ಗೊತ್ತಾತು? ನೀ ಹೇಳಿದ್ದು ಗೊತ್ತಾತು. ಬಿಟ್ರ ಉಳಿದದ್ದು ಹೆಂಗ ಗೊತ್ತಾಗಬೇಕು?”

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಪಾದ ನೆಲದಿಂದ ಒಂದು ಬೆರಳಷ್ಟು ಮೇಲಿತ್ತು. ಕಾಶವ್ವನಿಗೆ ಬೈಯಬೇಡ ಎಂದಷ್ಟೇ ಹೇಳಿ ಕಳಿಸಿದಳು. ಅಂದಿನಿಂದ ನಾನು ಹೋದಾಗಲೆಲ್ಲ ನನ್ನೆದುರಿಗೇ, ಬೇಕೆಂದೇ, ಸಾರಿಗೆ ಇನ್ನಷ್ಟು ಉಪ್ಪು ಸುರಿದುಕೊಳ್ಳುತ್ತಿದ್ದಳು. ಒಮ್ಮೆ ಗಡಿಗೆಯನ್ನೇ ಒಡೆದು ಬಂದೆ. ಮರುದಿನ ಹೊಸ ಗಡಿಗೆ ಇತ್ತು, ಬಾಗಿಲಿಗೆ ಬೀಗವೂ ಇತ್ತು.

ಬೇಸಿಗೆಯ ಮೊದಲ ಸಂತೆಗೆ ಅವಳು ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಮೈತುಂಬ ಕಲ್ಲು ಹೊತ್ತು, ಕಟ್ಟೆಯ ಮುಂದೆ ಬಂದಳು. ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಸಂತೆಗೆ ಸಂತೆಯೇ ಸೇರಿತು.

“ಎಳೀಬ್ಯಾಡ. ಸುಮ್ನ ಹಿಡಕೊ. ಎಷ್ಟು ಜಗ್ಗತೈತಿ ಅನ್ನೂದು ನನಗ ಹೇಳು.”

“ಏನವಾ ಇದು?” ರಾಚಪ್ಪ ಎದ್ದು ನಿಂತ.

“ಗುಡ್ಡದ...” ಎಂದು ಅವಳು ಶುರುಮಾಡಿದ್ದೇ ತಡ, “ಹೂಳಿದ ಮಾತು! ಹೂಳಿದ ಮಾತು!” ಎಂದು ನಾಲ್ಕೂ ಕಡೆಯಿಂದ ಕೂಗೆದ್ದಿತು. ಅಕ್ಕ ಬಾಯಿ ಮುಚ್ಚಿದಳು. ಅಂಚಿನ ಹೊಲಿಗೆ ಹರಿದು, ಕಲ್ಲುಗಳನ್ನು ಒಂದೊಂದಾಗಿ ಕೆಳಗೆ ಹಾಕತೊಡಗಿದಳು. ಎಲ್ಲ ನಾನೇ ಹೊಲಿದವು.

ಅವಳು ಏರಿದಳು. ನಿಧಾನವಾಗಿ ಅಲ್ಲ, ಬಾವಿಯಲ್ಲಿ ಕೈಜಾರಿದ ಕೊಡ ಹೇಗೆ ಕೆಳಗೆ ಹೋಗುತ್ತದೋ ಹಾಗೆ ಮೇಲಕ್ಕೆ ಹೋದಳು. ಹಗ್ಗ ಅಂಗೈಯ ಚರ್ಮ ಕಿತ್ತುಕೊಂಡು ಓಡಿತು. ಬಿಗಿ ಹಿಡಿದಾಗ ನನ್ನ ಹಿಮ್ಮಡಿ ನೆಲ ಬಿಟ್ಟಿತು. ಯಾರೋ ನನ್ನ ಕಾಲು ತಬ್ಬಿ ಹಿಡಿದರು. ಆವತ್ತು ಮಾತ್ರ ಜನ ಮೇಲೆ ನೋಡಿದರು.

ನನ್ನ ಬಾಯಿ ತಡೆಯಲಿಲ್ಲ. “ಒತ್ತೆ ಕೆಟ್ಟಿತ್ತು! ನಾ ತಿಂದದ್ದು ಆ ಉಪ್ಪಲ್ಲ! ಕಾಶವ್ವ ಬದಲಿ ಮಾಡಿದ್ಲು, ಆಕೀನ್ನ ಕೇಳ್ರಿ!”

ಬಳೆಯಂಗಡಿಯ ಪಕ್ಕದಲ್ಲಿ ಕಾಶವ್ವ ನಿಂತಿದ್ದಳು. ಸೊಂಟದ ಮೇಲೆ ತುಂಗಿ. ರಾಚಪ್ಪ ಅವಳ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜ ತಿಳಿಯಬೇಕೆಂಬ ಆಸೆಯೇ ಇತ್ತು ಎಂದು ನಾನು ಇಂದಿಗೂ ನಂಬುತ್ತೇನೆ.

“ಹೌದೇನವಾ? ಬದಲಿ ಮಾಡಿದ್ಯಾ?”

ಕಾಶವ್ವ ಮೇಲೆ ನೋಡಿದಳು. ನನ್ನನ್ನು ನೋಡಿದಳು. ತುಂಗಿಯ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

“ಇಲ್ರಿ” ಎಂದಳು.

ಮೇಲಿನಿಂದ ಅಕ್ಕನ ಕೂಗು ಬಂತು. “ಬಾಳೂ! ಎಷ್ಟು ಜಗ್ಗತೈತಿ?”

“ಭಾಳ ಅಕ್ಕಾ! ಭಾಳ! ಇಳಿ, ಎಳಕೋತೀನಿ!”

“ನಿನ್ನ ಕಾಲು ನೆಲದ ಮ್ಯಾಲೆ ಅದಾವೇನು?”

ಇರಲಿಲ್ಲ. ನನ್ನನ್ನು ಹಿಡಿದವರ ಕಾಲೂ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದವು. ಅದು ಅವಳಿಗೆ ಅಲ್ಲಿಂದ ಕಂಡಿರಬೇಕು. “ಹಂಗಾರ ಖರೇ ಇತ್ತೋ!” ಎಂದಳು. ಜೋರಾಗಿ ನಕ್ಕಳು. ಅಷ್ಟು ದೊಡ್ಡ ನಗೆಯನ್ನು ನಾನು ಅವಳ ಬಾಯಲ್ಲಿ ಎಂದೂ ಕೇಳಿರಲಿಲ್ಲ. ನಗುತ್ತಲೇ ಸೊಂಟದ ಗಂಟು ಬಿಚ್ಚಿದಳು. ಹಗ್ಗ ಸಡಿಲಾಗಿ ಸುರುಳಿ ಸುರುಳಿಯಾಗಿ ನನ್ನ ಮೇಲೆ ಬಿತ್ತು.

“ನಗಕೋತ ಹೋದ್ಲು ನೋಡ್ರಿ” ಎಂದರು ಯಾರೋ. “ಹೋಗೂ ಆಸೆ ಅಷ್ಟಿತ್ತು.” ಜನ ತಲೆಯಾಡಿಸಿದರು. ತಾನೇ ಆಡಿದ ಮಾತಿಗೆ ತಾನೇ ಒತ್ತೆ ಕೂತದ್ದು ಲೆಕ್ಕಕ್ಕಿಲ್ಲ ಎಂದು ರಾಚಪ್ಪ ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

ಕಾಶವ್ವನೊಡನೆ ನಾನು ಜಗಳವಾಡಲಿಲ್ಲ. ಅವಳು ಈಗಲೂ ದನಕ್ಕೆಂದು ಬಂಡಿಯುಪ್ಪು ಕೊಂಡು ತರುತ್ತಾಳೆ. ನಮಗೆ ದನವಿಲ್ಲ. ತುಂಗಿ ದಬದಬ ಹೆಜ್ಜೆ ಹಾಕಿ ಓಡಾಡುತ್ತಾಳೆ. ಶಾಲೆಗೆ ಹೊಸ ಮಾಸ್ತರ ಬಂದಿದ್ದಾನೆ. ಹಗುರದ ಪಾಠ ಹೇಳುವಾಗ ಅಕ್ಕನ ಹೆಸರನ್ನೇ ಉದಾಹರಣೆ ಕೊಡುತ್ತಾನಂತೆ. ಮಕ್ಕಳ ಚೀಲಕ್ಕೆ ನಾನು ಕಲ್ಲು ಹೊಲಿಯುತ್ತೇನೆ. ಮೊದಲಿಗಿಂತ ಹೆಚ್ಚು ಹೊಲಿಯುತ್ತಿದ್ದೇನೆ. ಒಂದಿಬ್ಬರು ತಾಯಂದಿರ ಕಿವಿಯಲ್ಲಿ ಉಪ್ಪಿನ ವಿಷಯ ಉಸುರಿ ನೋಡಿದೆ. ಒಬ್ಬಳು ಕಿವಿ ಮುಚ್ಚಿಕೊಂಡಳು. ಇನ್ನೊಬ್ಬಳು, “ನೀವು ಹೊತ್ತಿಗೊಂದು ಹಿಡಿ ತಿಂದು ನೆಲದ ಮ್ಯಾಲೆ ಕುಂತಿದ್ದನ್ನ ನಾ ಕಣ್ಣಾರೆ ನೋಡೀನಲ್ಲಣ್ಣಾ” ಎಂದಳು.

ಇಷ್ಟಾದ ಮೇಲೆ ನನಗೆ ಉಳಿದದ್ದು ಒಂದೇ ಯೋಚನೆ. ಊರು ಬಿಡುವುದು. ಉಣ್ಣುವಾಗ ಅದೇ, ಹೊಲಿಯುವಾಗ ಅದೇ. ಬಂಡಿಯವರಿಗೆ ದಾರಿ ಕೇಳುತ್ತೇನೆ. ಕಾಶವ್ವ ಬರುವುದಿಲ್ಲ ಎನ್ನುತ್ತಾಳೆ, ತುಂಗಿಯನ್ನು ಬಿಟ್ಟು ಹೋಗಲು ಕಾಲು ಬರುವುದಿಲ್ಲ, ಆದರೂ ಯೋಚನೆ ನಿಲ್ಲುವುದಿಲ್ಲ. ಹಾಗೆ ಯೋಚಿಸುತ್ತಿರುವಾಗಲೇ ಒಂದು ದಿನ ಸೂಜಿ ಕೆಳಗಿಟ್ಟು ಎದ್ದೆ. ಸಂತೆ ನೆರೆದಿತ್ತು. ಮೈಮೇಲಿನ ಕಲ್ಲೆಲ್ಲ ಅಂಗಡಿಯಲ್ಲೇ ಬಿಚ್ಚಿಟ್ಟು, ಹೋಗಿ ತಕ್ಕಡಿಯಲ್ಲಿ ಕೂತೆ.

“ಏನಾತೋ ಬಾಳಪ್ಪ?” ರಾಚಪ್ಪ ಕೇಳಿದ.

“ಊರು ಬಿಡೂ ವಿಚಾರ ಬಂದೈತ್ರಿ. ಚ್ಯಾಷ್ಟಿ ಅಲ್ಲ. ನಮ್ಮಕ್ಕ ಹೋದಾಗಿಂದ ಬ್ಯಾರೆ ಏನೂ ತಲ್ಯಾಗಿಲ್ಲ. ಬಂಡಿಯವರನ್ನ ಕೇಳ್ರಿ, ಮನ್ಯಾಗ ಕೇಳ್ರಿ. ಈಗ ನನ್ನ ತೂಗ್ರಿ.”

ಅವನು ಬಂಡಿಯವರನ್ನು ಕೇಳಿದ. ಅವರು ಹೌದೆಂದರು. ಆಮೇಲೆ ತೂಗಿದ. ಎದುರು ತಟ್ಟೆಗೆ ಕಲ್ಲಿನ ಮೇಲೆ ಕಲ್ಲು ಏರಿಸಿದರೂ ನನ್ನ ತಟ್ಟೆ ನೆಲ ಬಿಟ್ಟು ಅಲುಗಲಿಲ್ಲ. ರಾಚಪ್ಪ ಹತ್ತಿರ ಬಂದ. ಕಲ್ಲು ನೋಡಿದ, ಮುಳ್ಳು ನೋಡಿದ, ನನ್ನ ಮುಖ ನೋಡಿದ. ಅವನ ಹುಬ್ಬುಗಳ ನಡುವೆ ಏನೋ ಹತ್ತಿರ ಬಂದು ನಿಂತದ್ದು ನನಗೆ ಕಂಡಿತು.

ಆಮೇಲೆ ಅವನ ಮುಖ ತಿಳಿಯಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟು, ಸಂತೆಗೆಲ್ಲ ಕೇಳುವಂತೆ, ಪ್ರೀತಿಯಿಂದಲೇ ಹೇಳಿದ.

“ಮಂದಿ ತಮ್ಮ ಮನಸು ತಾವ ತಿಳಕೊಳ್ಳೂದಿಲ್ಲ ತಮ್ಮಾ. ತೂಕ ಪೂರಾ ಐತಿ. ನಿನಗ ಊರು ಬಿಡೂ ವಿಚಾರ ಇಲ್ಲ.”

ನನ್ನ ಹಿಂದೆ ಒಬ್ಬ ಹೆಣ್ಣುಮಗಳು ಮಗುವನ್ನು ತೂಗಿಸಲು ಕಾಯುತ್ತಿದ್ದಳು. ಮಗು ಅವಳ ಬೆರಳು ಹಿಡಿದು, ಅವಳ ತಲೆಯ ಮಟ್ಟದಲ್ಲಿ, ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು.

“ಇಳೀರಿ ಅಣ್ಣಾ, ಬಿಸಲು ಏರಾಕತ್ತೈತಿ” ಎಂದಳು. ನಾನು ಇಳಿದೆ.